ನರಗುಂದಕ್ಕೆ ಹೊರಟ ಎಣಗಾಯಿ

ಮುಶಿಗೇರಿಗೆ ಆಗ ದಿನಕ್ಕೆ ಎರಡೇ ಬಸ್ಸು. ಬೆಳಿಗ್ಗೆ ಒಂದು, ಸಂಜೆ ಒಂದು. ಊರಲ್ಲಿ ಫೋನ್ ಇದ್ದದ್ದು ಒಂದೇ ಮನೆಯಲ್ಲಿ, ಅದೂ ನಾಲ್ಕು ಹನಿ ಬಿದ್ದರೆ ಸುಮ್ಮನಾಗಿಬಿಡುತ್ತಿತ್ತು. ಸುದ್ದಿ ಏನಿದ್ದರೂ ಅಂಚೆ ಕಾರ್ಡಿನ ಮೇಲೆ ಬರಬೇಕು. ಚಳಿಗಾಲವೆಂದರೆ ಸಾಲಿಯ, ಅಂದರೆ ಶಾಲೆಯ, ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುವುದು, ಹಸಿ ಕಡಲೆಗಿಡ ಕಿತ್ತು ತಿಂದು ಬೆರಳ ತುದಿಯ ಹುಳಿ ಚೀಪುವುದು, ಕುಸುಬೆಯ ಮುಳ್ಳಿಗೆ ಲಂಗ ಸಿಕ್ಕಿಸಿಕೊಂಡು ಮನೆಗೆ ಬಂದು ಬೈಸಿಕೊಳ್ಳುವುದು. ಎರೆಹೊಲದ ಸೀಮೆಯಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಅಂಥ ಒಂದು ಚಳಿಗಾಲದ ಎರಡೇ ದಿನಗಳ ಮಾತು. ನಾನು ಶಾರಿ, ಆಗ ಹನ್ನೊಂದು ವರ್ಷದವಳು.

ಅವ್ವ ಬಸುರಿ. ನನ್ನ ನಂತರ ಎರಡು ಕೂಸುಗಳು ಹೊಟ್ಟೆಯಲ್ಲೇ ಹೋಗಿದ್ದವು. ಅದಕ್ಕಾಗಿ ಈ ಸಲ ಏಳನೆಯ ತಿಂಗಳಲ್ಲೇ ಅವಳನ್ನು ತವರುಮನೆ ನರಗುಂದಕ್ಕೆ ಕಳಿಸಿದ್ದರು. ಅವಳು ಹೊರಡುವ ಹಿಂದಿನ ದಿನ ನಮ್ಮ ಮನೆಯಲ್ಲಿ ಒಂದು ಮಾತು ಆಗಿಹೋಯಿತು. ಒಲೆಯ ಮೇಲೆ ಹಾಲು ಉಕ್ಕಿತ್ತು. ಅವ್ವ ಅಪ್ಪನ ತಾಯಿಗೆ, ಅಂದರೆ ನಮ್ಮ ಆಯಿಗೆ, "ಸ್ವಲ್ಪ ನೋಡ್ಕೋಬಾರದೇನ್ರಿ ಅತ್ತಿ" ಅಂದಳು. ಅಷ್ಟಕ್ಕೇ ಆಯಿ, "ಹೊಟ್ಟ್ಯಾನ ಕೂಸು ನೋಡ್ಕೊಳ್ಳಾಕ ಬರದಾಕಿ ನನಗ ಹಾಲು ನೋಡ್ಕೋ ಅಂತಾಳ" ಅಂದುಬಿಟ್ಟಳು.

ಅವ್ವ ಚೆಲ್ಲಿದ ಹಾಲು ಒರೆಸಿ ಹೊರಗೆ ಹೋದಳು. ಮರುದಿನ ಬಸ್ಸು ಹತ್ತುವ ಮುಂಚೆ ಆಯಿಯ ಕಾಲಿಗೆ ನಮಸ್ಕಾರ ಮಾಡಿದಳು, ಮುಖ ಮಾತ್ರ ನೋಡಲಿಲ್ಲ. ಆಮೇಲೆ ತಿಂಗಳಾದರೂ ಆಯಿ ಸೊಸೆಯ ಹೆಸರು ಎತ್ತಿರಲಿಲ್ಲ. ಆದರೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು.

ಅದರ ಮೇಲೆ ಆಯಿಯ ಕೈ ಬೇರೆ ಮುರಿಯಿತು. ಎಮ್ಮೆಗೆ ನೀರು ಕುಡಿಸಲು ಹೋಗಿ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಹೋಯಿತು. ಗಜೇಂದ್ರಗಡದ ದವಾಖಾನೆಯಲ್ಲಿ ಮೊಣಕೈವರೆಗೂ ಬಿಳಿ ಪಟ್ಟಿ ಹಾಕಿ ಕಳಿಸಿದರು. ಊರಿಗೆಲ್ಲ ಹೆಸರಾದ ಕೈ ಅದು. ಬದನೆಕಾಯಿಯ ಎಣ್ಣೆಗಾಯಿಗೆ ನಮ್ಮ ಕಡೆ ಎಣಗಾಯಿ ಅನ್ನುತ್ತಾರೆ. ಆಯಿ ಎಣಗಾಯಿ ಮಾಡಿದ ದಿನ ನಮ್ಮ ಓಣಿಯವರು ಬಟ್ಟಲು ಹಿಡಿದು "ದೀಪಾ ಹಚ್ಚಾಕ ಒಂದೀಟ ಎಣ್ಣಿ ಕೊಡ್ರಿ" ಅನ್ನುತ್ತ ಬರುತ್ತಿದ್ದರು. ದೀಪದ ಎಣ್ಣೆ ನೆಪವೆಂದು ಎಲ್ಲರಿಗೂ ಗೊತ್ತು.

ಆ ಮಧ್ಯಾಹ್ನ ಅವ್ವನ ಕಾರ್ಡು ಬಂತು. ಅಪ್ಪ ಹೊಲದಲ್ಲಿದ್ದ. ಆಯಿಗೆ ಅಕ್ಷರ ಬಾರದು. ನಾನೇ ಓದಿದೆ.

"ಇಲ್ಲಿ ಎಲ್ಲರೂ ಕ್ಷೇಮ. ನನಗೆ ಹದಿನೈದು ದಿನದಿಂದ ಊಟ ಸೇರುತ್ತಿಲ್ಲ. ತಾಟು ಕಂಡರೆ ಮುಖ ತಿರುಗುತ್ತದೆ. ಅತ್ತಿಯವರು ಮಾಡುವ ಎಣಗಾಯಿ, ಸಜ್ಜಿ ರೊಟ್ಟಿ ಒಂದೇ ಸಮನೆ ನೆನಪಾಗುತ್ತದೆ. ಶಾರಿ ಸಾಲಿ ತಪ್ಪಿಸಬಾರದು."

ಆಯಿ ನನ್ನ ಪಕ್ಕಕ್ಕೆ ಸರಿದು ಕುಳಿತಳು. "ಇನ್ನೊಮ್ಮೆ ಓದು."

"ಎಲ್ಲಾನೂ?"

"ಎಣಗಾಯಿದಷ್ಟ ಓದು."

ಓದಿದೆ.

"ಅತ್ತಿಯವರು ಮಾಡೂದು ಅಂತ ಬರದಾಳೋ, ಬರೇ ಎಣಗಾಯಿ ಅಂತ ಬರದಾಳೋ?"

"ಅತ್ತಿಯವರು ಮಾಡುವ ಅಂತ ಐತಿ, ಆಯಿ."

"ಖರೇನ? ಎಲ್ಲಿ, ತೋರ್ಸು."

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ಆಯಿ ತನ್ನ ಎಡಗೈ ಹೆಬ್ಬೆರಳನ್ನು ಅದೇ ಜಾಗದಲ್ಲಿ ಒತ್ತಿ ಹಿಡಿದಳು, ಅಕ್ಷರ ಎದ್ದು ಹೋದಾವೇನೋ ಅನ್ನುವಂತೆ. ಆಮೇಲೆ ಒಮ್ಮೆಲೇ ಎದ್ದುನಿಂತು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಬುಟ್ಟಿ ತಗೋ. ಹಿತ್ತಲಕ್ಕ ನಡಿ. ಬಸುರಿ ಬಯಕಿ ಇಟ್ಕೊಂಡು ಕುಂದರಬಾರ್ದು, ಕೂಸಿನ ಕಿವಿ ಸೋರ್ತಾವ."

"ನಿನ್ನ ಕೈ ಹಿಂಗೈತಿ, ಮಾಡಾವ್ರು ಯಾರು?"

"ನಿನ್ನ ಕೈಗೇನಾಗೈತಿ?"

ನಾನು ಓಡಿಹೋಗಿ ಬುಟ್ಟಿ ತಂದೆ. ಚಹಾ, ಅನ್ನ, ಬೇಳೆಸಾರು ಬಿಟ್ಟರೆ ನಾನು ಏನನ್ನೂ ಮಾಡಿದವಳಲ್ಲ. ಪಕ್ಕದ ಮನೆಯ ಕಾಶವ್ವ ಸುದ್ದಿ ಕೇಳಿ ಗೋಡೆಯಾಚೆಯಿಂದಲೇ, "ನಾ ಮಾಡಿ ಕೊಡ್ತೀನಿ ಬಿಡ್ರಿ ಆಯಿ, ಸಣ್ಣ ಹುಡುಗಿಗಿ ಯಾಕ ತ್ರಾಸು" ಅಂದಳು.

"ನೀ ರೊಟ್ಟಿ ಮಾಡಿ ಕೊಡವಾ, ಭಾಳ ಉಪಕಾರ ಆಕ್ಕೈತಿ. ಎಣಗಾಯಿ ಮಾತ್ರ ನಮ್ಮ ಮನಿ ಕೈಲೇ ಆಗಬೇಕು" ಅಂದಳು ಆಯಿ.

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಹತ್ತು ಹನ್ನೆರಡು ಬದನೆ ಗಿಡ. ಮುಳ್ಳುಗಾಯಿ, ತೊಟ್ಟು ಹಿಡಿದರೆ ಬೆರಳಿಗೆ ಚುಚ್ಚುತ್ತದೆ. ನಾನು ದೊಡ್ಡವು ನೋಡಿ ಕೀಳಲು ಹೋದರೆ ಆಯಿ ತಡೆದಳು. "ಕೈಯಾಗ ಹಿಡಿ. ಭಾರ ಇದ್ದರ ಬೀಜ ತುಂಬೈತಿ, ಬಿಡು. ಹಗೂರ ಇದ್ದದ್ದ ಬೇಕು. ತೂತು ಐತೇನು ಸುತ್ತ ನೋಡು." ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡವು, ನೇರಳೆ ಬಣ್ಣದವು, ಇಪ್ಪತ್ತೊಂದು ಕಾಯಿ ಸಿಕ್ಕವು. ಬೆರಳ ತುಂಬ ಮುಳ್ಳಿನ ಗೀರು, ಆದರೂ ನಾನು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಊರಿನ ದೊಡ್ಡ ಕೆಲಸ ನನ್ನ ಮೇಲೇ ಬಿದ್ದವಳ ಹಾಗೆ ಒಳಗೆ ಬಂದೆ.

ಅಡುಗೆಮನೆಯಲ್ಲಿ ಆಯಿ ಮಣೆ ಹಾಕಿಕೊಂಡು ಒಲೆಯಿಂದ ಒಂದು ಮಾರು ದೂರ ಕುಳಿತಳು. ಪಟ್ಟಿ ಹಾಕಿದ ಕೈ ತೊಡೆಯ ಮೇಲೆ. ಅಲ್ಲಿಂದ ಅವಳ ಬಾಯಿ, ಒಲೆಯ ಮುಂದೆ ನನ್ನ ಕೈ.

ಶೇಂಗಾ ಹುರಿದೆ. ಎಳ್ಳು ಹುರಿದೆ, ಅವು ಚಟಪಟ ಎಂದು ಮುಖಕ್ಕೆ ಸಿಡಿದವು. ಗುರೆಳ್ಳು ಹುರಿಯುವಾಗ ಆಯಿ ಕಣ್ಣು ಮುಚ್ಚಿಕೊಂಡಳು. "ಇನ್ನೊಂದೀಟು… ಇನ್ನೊಂದೀಟು… ಹಾಂ, ಇಳಸು! ಲಗೂ ಇಳಸು!" ನೋಡಿ ಹೇಳಿದ್ದಲ್ಲ, ಬರೇ ಮೂಗಿನಿಂದ. ಉಳ್ಳಾಗಡ್ಡಿಯನ್ನು ಕೆಂಡದಲ್ಲಿ ಸುಟ್ಟೆವು. ಒಣಕೊಬ್ಬರಿ, ಬಳ್ಳೊಳ್ಳಿ, ಜೀರಿಗೆ, ಕರಿಬೇವು, ಕೊತ್ತಂಬರಿ ಎಲ್ಲವನ್ನೂ ಒರಳಿಗೆ ಹಾಕಿ ಕುಟ್ಟಿದೆ. ನನ್ನ ಪುಟ್ಟ ತೋಳು ಸೋತು ಬಂದವು.

"ಸಣ್ಣಗ ಹಿಟ್ಟು ಮಾಡಬ್ಯಾಡ. ಬಾಯಿಗಿ ಶೇಂಗಾ ಸಿಗಬೇಕು" ಅಂದಳು ಆಯಿ.

ಹುಣಸೆ ರಸ, ಬೆಲ್ಲ, ಅರಿಸಿನ, ಮಸಾಲೆ ಖಾರ ಕಲಸಿದೆ. ಇನ್ನೊಂದು ಪಾತ್ರೆಯಲ್ಲಿ ನೀರಿಗೆ ಚಿಮಟಿ ಉಪ್ಪು ಹಾಕಿ, ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳು ಮಾಡಿ ಅದರಲ್ಲಿ ಬಿಟ್ಟೆ. ಇಲ್ಲದಿದ್ದರೆ ಕಪ್ಪಾಗುತ್ತವೆ. ಅಷ್ಟರಲ್ಲಿ ಅಪ್ಪ ಹೊಲದಿಂದ ಬಂದ. ನಾನು ಎದ್ದು ಅವನಿಗೆ ನೀರು ಕೊಟ್ಟು, ಕಾರ್ಡು ತೋರಿಸಿ, "ಎಣಗಾಯಿ ನಾನ ಮಾಡಾಕತ್ತೀನಿ!" ಎಂದು ಎರಡೆರಡು ಸಲ ಹೇಳಿ ಬಂದೆ. ಮತ್ತೆ ಕುಳಿತು ಕಾಯಿಗಳಿಗೆ ಮಸಾಲೆ ತುಂಬಿದೆ. ಒಂದೊಂದು ಕಾಯಿಯೂ ಹೊಟ್ಟೆ ಉಬ್ಬಿಸಿಕೊಂಡು ತಾಟಿನಲ್ಲಿ ಸಾಲಾಗಿ ಕುಳಿತವು.

ಪಾತ್ರೆಗೆ ಕುಸುಬೆ ಎಣ್ಣೆ ಸುರಿದಾಗ ಆಯಿ, "ಹೆದರಬ್ಯಾಡ, ಸುರಿ. ಕೈ ಬಿಗಿ ಹಿಡದ್ರ ಅದು ಪಲ್ಯ ಆಕ್ಕೈತಿ, ಎಣಗಾಯಿ ಆಗಂಗಿಲ್ಲ" ಅಂದಳು. ಸಾಸಿವೆ ಸಿಡಿದ ಮೇಲೆ ಕಾಯಿಗಳನ್ನು ತೊಟ್ಟು ಮೇಲೆ ಮಾಡಿ ಇಟ್ಟೆ. ಮುಚ್ಚಿದ ತಾಟಿನ ಮೇಲೆ ನೀರು ಹಾಕಿದೆ, ಕೆಳಗೆ ಸೀಯಬಾರದೆಂದು. ಸೌಟು ಹಾಕಲು ಹೋದರೆ ಬೈಗುಳ. "ಸೌಟು ಮುಟ್ಟಬ್ಯಾಡ! ಅರಿವಿ ಹಿಡಕೊಂಡು ಪಾತ್ರಿನ ಅಲ್ಲಾಡಸು."

ಆಮೇಲೆ ಇಬ್ಬರೂ ಕಿವಿಗೊಟ್ಟು ಕುಳಿತೆವು. ಒಳಗೆ ಮೊದಲು ಗದಗದ ಸಪ್ಪಳ, ಬರಬರುತ್ತ ಅದು ಸಣ್ಣದಾಗಿ ಚುಂಯ್ ಎಂದಿತು. "ನೀರು ಹೋತು, ಎಣ್ಣಿ ಮಾತಾಡಾಕತ್ತೈತಿ. ತೆಗಿ" ಅಂದಳು ಆಯಿ. ತೆಗೆದೆ. ಬದನೆಕಾಯಿ ಸೊಕ್ಕು ಮುರಿದು ಮೆತ್ತಗಾಗಿದ್ದವು, ಸುತ್ತ ಕೆಂಪು ಎಣ್ಣೆ ಕನ್ನಡಿಯಂತೆ ನಿಂತಿತ್ತು. ಆ ವಾಸನೆಗೆ ಕಾಶವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನಿಂತಳು. ಅಪ್ಪ ಪಡಸಾಲೆಯಿಂದಲೇ, "ಒಂದ ಕಾಯಿ ರುಚಿ ನೋಡೂಣೇನು?" ಅಂದ.

"ಯಾರೂ ಮುಟ್ಟಂಗಿಲ್ಲ" ಅಂದಳು ಆಯಿ. "ಬಯಕಿ ಅಡಿಗಿ ಐತಿ. ಮೊದಲ ತುತ್ತು ಆಕೀದು. ಎಂಜಲ ಮಾಡಬಾರ್ದು."

ಹಾಗಾಗಿ ಅದರ ರುಚಿ ಯಾರಿಗೂ ಗೊತ್ತಿರಲಿಲ್ಲ. ಮಾಡಿದ ನನಗೂ ಗೊತ್ತಿರಲಿಲ್ಲ.

ಡಬ್ಬಿ ತುಂಬುವಾಗ ಅಪ್ಪ, "ನಾಳಿ ಆಳು ಬರ್ತಾರ, ಕಡ್ಲಿ ಕೀಳೂದೈತಿ. ಬಸ್ಸಿನ್ಯಾಗ ಯಾರರ ಕೂಡ ಕೊಟ್ಟು ಕಳಸೂಣು" ಅಂದ. ಆಯಿ ಎಡಗೈಯಿಂದ ಡಬ್ಬಿಯ ಮುಚ್ಚಳ ಒತ್ತಿದಳು. ಬೆಳಿಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು, ಕಾಶವ್ವನಿಂದ ತಲೆ ಬಾಚಿಸಿಕೊಂಡು, ಕಟ್ಟೆಯ ಮೇಲೆ ಕುಳಿತಿದ್ದಾಳೆ.

"ನಾನೂ ಶಾರೀನೂ ಹೋಗಿ ಬರ್ತೀವಿ."

ಅಪ್ಪ ಹೌಹಾರಿದ. ಅವನ ಮದುವೆಯ ದಿನ ಬೀಗರ ಕಡೆಯ ಯಾರೋ ತನಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿದರೆಂದು ಸಿಟ್ಟಾದ ಆಯಿ, ಆಮೇಲೆ ಹನ್ನೆರಡು ವರ್ಷ ಬೀಗರ ಮನೆಯ ಹೊಸ್ತಿಲು ತುಳಿದಿರಲಿಲ್ಲ. "ಮುರಿದ ಕೈ ಇಟ್ಕೊಂಡು?" ಅಂದ. "ನಡಿಯೂದು ಕಾಲಿಲೆ" ಅಂದಳು ಆಯಿ. ಸಾಲಿ ತಪ್ಪಿಸಬಾರದೆಂಬ ಅವ್ವನ ಮಾತು ನನಗೆ ನೆನಪಿತ್ತು. ಆದರೆ ನಾನು ಅದನ್ನು ಯಾರಿಗೂ ನೆನಪಿಸಲಿಲ್ಲ.

ರೋಣದಲ್ಲಿ ಬಸ್ಸು ಬದಲಿಸಿ ನರಗುಂದದ ಬಸ್ಸು ಹತ್ತಿದೆವು. ಡಬ್ಬಿ ನನ್ನ ತೊಡೆಯ ಮೇಲೆ, ರೊಟ್ಟಿಯ ಗಂಟು ಆಯಿಯ ಮಡಿಲಲ್ಲಿ. ಬಸ್ಸು ತುಂಬಾ ಎಣಗಾಯಿಯ ವಾಸನೆ. ಮುಂದಿನ ಸೀಟಿನವರು ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು. ಯಾವಗಲ್ ಇನ್ನೂ ಸ್ವಲ್ಪ ದೂರ ಇರುವಾಗ ಹಿಂದಿನ ಗಾಲಿ ಢಬ್ ಎಂದಿತು. ಎಲ್ಲರೂ ಇಳಿದೆವು. ಬೇರೆ ಗಾಲಿ ತರಿಸಬೇಕು, ಎರಡು ತಾಸಾದರೂ ಬೇಕು ಎಂದರು. ಆಯಿ ಬಿಸಿಲಿಗೆ ಕೈ ಅಡ್ಡ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. "ಉಣ್ಣೂ ಹೊತ್ತು ಮೀರತೈತಿ, ಶಾರಿ. ಆಕಿ ಇವತ್ತೂ ಹಂಗ ಮಲಗತಾಳ."

ಆಗ ಹತ್ತಿ ತುರುಕಿದ ದೊಡ್ಡ ಅಂಡಿಗೆ ಚೀಲಗಳನ್ನು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಬಂತು. ಆಯಿ ರಸ್ತೆಯ ನಡುವೆಯೇ ಹೋಗಿ ನಿಂತುಬಿಟ್ಟಳು. ಬಿಳಿ ಪಟ್ಟಿಯ ಕೈ ಮೇಲೆತ್ತಿದ್ದಳು. ಓಡಿಸುವವನು ಗಾಬರಿಯಾಗಿ ನಿಲ್ಲಿಸಿದ. ದಪ್ಪ ಮೀಸೆಯ, ಅಪ್ಪನ ವಯಸ್ಸಿನ ಮನುಷ್ಯ.

"ಏನಾತ್ರಿ ಆಯಿ? ದವಾಖಾನಿಗಿ ಹೋಗಬೇಕೇನು?"

"ಇಲ್ಲಪಾ. ನರಗುಂದದಾಗ ನನ್ನ ಸೊಸಿ ಬಸರ ಅದಾಳ. ಆಕಿ ಬಯಕಿ ತಗೊಂಡು ಹೊಂಟೀವಿ. ಈ ಬಸ್ಸು ಹಿಂಗ ಕುಂತ ಬಿಡ್ತು."

ಅವನು ಮೂಗು ಅರಳಿಸಿದ. "ಎಣಗಾಯಿ ಹೌದಲ್ರಿ? ಹತ್ರಿ, ಹತ್ರಿ. ಬಸುರಿ ಬಯಕಿಗಿ ತಡಾ ಮಾಡಬಾರ್ದು." ಅವನೂ ಬಸ್ಸಿನ ಇಬ್ಬರು ಗಂಡಸರೂ ಸೇರಿ ಆಯಿಯನ್ನು ಎತ್ತಿ ಹತ್ತಿಯ ಮೇಲೆ ಕೂಡಿಸಿದರು. ನಾನು ಮಂಗನ ಹಾಗೆ ಹತ್ತಿದೆ.

ಅಷ್ಟು ಎತ್ತರದಲ್ಲಿ ನಾನು ಎಂದೂ ಕುಳಿತಿರಲಿಲ್ಲ. ಕೆಳಗೆ ಮೆತ್ತನೆಯ ಹತ್ತಿ, ಎರಡೂ ಕಡೆ ಆಕಾಶದ ತುದಿವರೆಗೆ ಕರಿ ಎರೆಹೊಲ, ಹಸಿರು ಜೋಳ, ಗಾಳಿಗೆ ಹಾರುವ ಆಯಿಯ ಸೆರಗು. ಟ್ರ್ಯಾಕ್ಟರ್ ಜಿಗಿದಾಗಲೆಲ್ಲ ನಾನು ಕಿರುಚುತ್ತಿದ್ದೆ, ಆಯಿ ನಗುತ್ತಿದ್ದಳು. ಹಲ್ಲು ಕಾಣುವಂತೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ. "ವಿಮಾನಂದ್ರ ಹಿಂಗ ಇರತೈತೇನ?" ಎಂದು ಕೂಗಿ ಕೇಳಿದಳು.

ಡಬ್ಬಿಯಿಂದ ಎಣ್ಣೆ ಜಿನುಗಿ ನನ್ನ ಲಂಗಕ್ಕೆ ಹತ್ತಿತು. ಬೆರಳಿನಿಂದ ಒರೆಸಿ, ಯಾರಿಗೂ ಕಾಣದಂತೆ ಬೆರಳನ್ನು ಬಾಯಿಗೆ ಇಡಬೇಕೆನ್ನಿಸಿತು. ಇಡಲಿಲ್ಲ. ಆದರೆ ಹಾಗೆ ಅನ್ನಿಸಿದ ಕ್ಷಣದಲ್ಲೇ ಹಿಂದಿನ ದಿನ ಮಸಾಲೆಗೆ ಹಾಕಿದ್ದನ್ನೆಲ್ಲ ಬೆರಳು ಮಡಚಿ ಎಣಿಸತೊಡಗಿದೆ. ಹುಣಸೆ ಹಾಕಿದೆ. ಬೆಲ್ಲ ಹಾಕಿದೆ. ಖಾರ ಹಾಕಿದೆ. ಅಪ್ಪನಿಗೆ ನೀರು ಕೊಡಲು ಎದ್ದೆ. ಉಪ್ಪು?

ಎಷ್ಟು ಯೋಚಿಸಿದರೂ ಮಸಾಲೆಗೆ ಉಪ್ಪು ಹಾಕಿದ ನೆನಪು ಬರಲಿಲ್ಲ. ಕಾಯಿ ನೆನೆಸಿದ ನೀರಿಗೆ ಹಾಕಿದ ಚಿಮಟಿ ಉಪ್ಪು ಬಿಟ್ಟರೆ ಇಡೀ ಡಬ್ಬಿಯಲ್ಲಿ ಉಪ್ಪಿಲ್ಲ. ಆಯಿಯ ಮುಖ ನೋಡಿದೆ. ಅವಳು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ದೂರದಲ್ಲಿ ಎದ್ದು ಬರುತ್ತಿದ್ದ ನರಗುಂದದ ಗುಡ್ಡವನ್ನು ನೋಡುತ್ತಿದ್ದಳು. ನಾನು ಡಬ್ಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

ಬೀಗರ ಮನೆಯ ಬಾಗಿಲಲ್ಲಿ ನಾವು ನಿಂತಾಗ ಅವ್ವನ ತಾಯಿ, ನರಗುಂದದ ಅಮ್ಮ, ಕೈಯಲ್ಲಿದ್ದ ಮೊರ ಬಿಟ್ಟು ಓಡಿಬಂದಳು. "ಅಯ್ಯ, ಬೀಗತೀ! ಬರ್ರಿ, ಬರ್ರಿ! ಕೈಗೇನಾತ್ರಿ?" ಎಂದು ಕಾಲಿಗೆ ನೀರು ತಂದಳು. ಆಯಿ ಹೊಸ್ತಿಲಾಚೆಯೇ ನಿಂತು, "ನನ್ನ ಕಾಲು ತಡೀತಾವ. ಮೊದಲ ಆಕಿಗಿ ತಾಟು ಹಾಕ್ರಿ" ಅಂದಳು.

ಅವ್ವ ಮಂಚದ ಮೇಲೆ ಎದ್ದು ಕುಳಿತಿದ್ದಳು. ಮುಖ ಸಣ್ಣದಾಗಿತ್ತು, ಕಾಲುಗಳು ಮಾತ್ರ ಊದಿದ್ದವು. ಅತ್ತೆಯನ್ನು ಕಂಡು ಸೆರಗು ಹೊದೆಯಲು ಹೋದವಳ ಕೈ ಅರ್ಧಕ್ಕೇ ನಿಂತಿತು. "ಅತ್ತಿ… ನೀವು ಬಂದ್ರೇನ್ರಿ?"

"ಹಿತ್ತಲದಾಗ ಬದನಿಕಾಯಿ ಭಾಳ ಆಗಿದ್ವು" ಅಂದಳು ಆಯಿ, ಗೋಡೆಯ ಕಡೆ ನೋಡುತ್ತ.

ತಾಟು ಬಂತು. ಸಜ್ಜೆ ರೊಟ್ಟಿಯ ಪಕ್ಕ ನಾನೇ ಮೂರು ಕಾಯಿ ಇಟ್ಟೆ. ಅವ್ವ ಬಾಗಿ ವಾಸನೆ ತೆಗೆದುಕೊಂಡಳು. ಆಗ ಅಮ್ಮ ಮೆಲ್ಲಗೆ ಅಂದಳು. "ಬೀಗತಿ, ಸಿಟ್ಟಾಗಬ್ಯಾಡ್ರಿ. ಕಾಲು ಬಾತಾವಂತ ದಾಕ್ತರು ಆಕಿಗಿ ಉಪ್ಪ ಬಂದ್ ಮಾಡ್ಯಾರ್ರಿ. ಸಪ್ಪನ್ನ ಊಟಕ್ಕ ಬ್ಯಾಸತ್ತ ಹಿಂಗ ಆಗ್ಯಾಳ. ನೀವು ಗಾಬರಿ ಆಗ್ತೀರಂತ ಕಾರ್ಡಿನ್ಯಾಗ ಬರೀಲಿಲ್ಲ. ಎಣಗಾಯಿ ಹ್ಯಾಂಗ ಕೊಡೂದ್ರಿ?"

ಅವ್ವನ ಕೈ ತಾಟಿನ ಮೇಲೆ ನಿಂತೇಬಿಟ್ಟಿತು. ಅಷ್ಟು ದೂರ ಗಾಳಿ, ಧೂಳು, ಮುರಿದ ಕೈ ಯಾವುದಕ್ಕೂ ಬಗ್ಗದ ಆಯಿ ಮೆಲ್ಲಗೆ ಕಂಬಕ್ಕೆ ಒರಗಿದಳು.

"ಉಪ್ಪ ಇಲ್ಲ!" ಎಂದು ನಾನು ಕೂಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ಉಪ್ಪ ಹಾಕೂದು ಮರತೀನಿ ಆಯಿ! ಮಸಾಲಿಗಿ ಹಾಕೇ ಇಲ್ಲ. ಖರೇ ಹೇಳ್ತೀನಿ, ಬೇಕಂದ್ರ ತಿಂದ ನೋಡ್ರಿ!" ಹೇಳಿದವಳೇ ಅಳು ತಡೆಯಲಾರದೆ ಬಿಕ್ಕಿದೆ.

ಆಯಿ ಬಗ್ಗಿ, ಎಡಗೈಯಿಂದ ಡಬ್ಬಿಯೊಳಗಿನ ಮಸಾಲೆಯನ್ನು ಉಗುರಿನಷ್ಟು ತೆಗೆದು ನಾಲಿಗೆಗೆ ಇಟ್ಟಳು. ಎಂಜಲು ಮಾಡಬಾರದೆಂಬ ತನ್ನ ಮಾತನ್ನು ತಾನೇ ಮರೆತಿದ್ದಳು. ಒಂದು ಕ್ಷಣ ಚಪ್ಪರಿಸಿದಳು. ಆಮೇಲೆ ಭುಜ ಕುಣಿಸಿ ನಗತೊಡಗಿದಳು. "ಹೌದವ್ವಾ ಹೌದು! ಉಪ್ಪಿನ ಹರಳೂ ಇಲ್ಲ! ನಾ ಬರೇ ಬಾಯಿಲೆ ಮಾಡಿಸೀನಿ, ಕೈ ನಿನ್ನ ಮಗಳದು. ತಿನ್ನು, ತಿನ್ನು, ಆರೂದ್ರಾಗ ತಿನ್ನು." ಅದು ಹಿಂದಿನ ದಿನವೇ ಆರಿತ್ತೆಂದು ಹೇಳುವವರು ಯಾರೂ ಇರಲಿಲ್ಲ. ಎಲ್ಲರೂ ನಗುತ್ತಿದ್ದರು.

ಅವ್ವ ತಿಂದಳು. ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ಹುರಿದ ಶೇಂಗಾ, ಗುರೆಳ್ಳಿನ ಘಮ, ಹುಳಿ, ಬೆಲ್ಲ, ಬಳ್ಳೊಳ್ಳಿ ಎಲ್ಲ ಸೇರಿ ಉಪ್ಪಿನ ಕೊರತೆಯನ್ನು ಮುಚ್ಚಿಬಿಟ್ಟಿದ್ದವೋ, ಅವಳ ಬಾಯಿಗೇ ಅಷ್ಟು ಹಸಿವಿತ್ತೋ. ಒಂದು ರೊಟ್ಟಿ ಮುಗಿಯಿತು, ಎರಡು, ಮೂರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಯಿ ಅವ್ವನ ಎದುರಿಗೇ ನೆಲದ ಮೇಲೆ ಕುಳಿತು, ಒಂದೊಂದು ತುತ್ತೂ ಗಂಟಲಿಗೆ ಇಳಿಯುವುದನ್ನು ನೋಡುತ್ತಿದ್ದಳು.

"ಅವತ್ತು ನನ್ನ ನಾಲಿಗಿ ಉದ್ದ ಆತು" ಎಂದಳು ನಡುವೆ, ಬಹಳ ಸಣ್ಣ ದನಿಯಲ್ಲಿ.

ಅವ್ವ ತಲೆಯೆತ್ತಿ ಅವಳ ಮುಖವನ್ನು ನೋಡಿದಳು. "ಬಿಡ್ರಿ ಅತ್ತಿ. ಆ ಸಣ್ಣ ಕಾಯಿ ಹಾಕ್ರಿ ಇನ್ನೊಂದು."

ಎರಡು ದಿನಕ್ಕೆ ನಾನು ಮಾಮನ ಜೊತೆ ಊರಿಗೆ ಬಂದೆ. ಆಯಿ ಬರಲಿಲ್ಲ. ಹೆರಿಗೆಯವರೆಗೂ ಬೀಗರ ಮನೆಯಲ್ಲೇ ಉಳಿದು, ಒಂದೇ ಕೈಯಿದ್ದರೂ ಅವರ ಅಡುಗೆಮನೆಯನ್ನೆಲ್ಲ ಬಾಯಿಂದಲೇ ನಡೆಸಿದಳಂತೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ನನಗೊಬ್ಬ ತಂಗಿ ಹುಟ್ಟಿದಳು. ಗೌರಿ ಎಂದು ಹೆಸರಿಟ್ಟರು.

ಆಯಿ ತೀರಿಕೊಂಡು ಹದಿನೆಂಟು ವರ್ಷವಾಯಿತು. ನಾನೀಗ ಗಜೇಂದ್ರಗಡದಲ್ಲಿ ಹೈಸ್ಕೂಲ್ ಟೀಚರ್. ಬದನೆಕಾಯಿ ವರ್ಷವಿಡೀ ಸಿಗುತ್ತದೆ, ಮಸಾಲೆ ಮಿಕ್ಸರಿನಲ್ಲಿ ಎರಡು ನಿಮಿಷದ ಕೆಲಸ. ಎಣ್ಣೆಯ ಸಪ್ಪಳ ಕೇಳುವ ಪುರುಸೊತ್ತಿಲ್ಲ, ಗ್ಯಾಸಿನ ಉರಿ ಸಣ್ಣ ಮಾಡಿ ಗಡಿಯಾರ ನೋಡುತ್ತೇನೆ. ಆದರೂ ರುಚಿ ಕೆಟ್ಟಿಲ್ಲ, ಎಲ್ಲರೂ ಚಲೋ ಆಗಿದೆ ಎನ್ನುತ್ತಾರೆ. ಹಾಗಾಗಿ ಏನೋ ಕಳೆದುಹೋಗಿದೆ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಹೋದ ವರ್ಷ ಗೌರಿ ಬಸುರಿಯಾದಳು. ಅವಳು ಇರುವುದು ರೋಣದಲ್ಲಿ. ಫೋನ್ ಮಾಡಿ, "ಅಕ್ಕಾ, ನಿನ್ನ ಕೈ ಎಣಗಾಯಿ ತಿನಬೇಕು ಅನಸೈತಿ" ಅಂದಳು. ನಾನು ಬೆಳಿಗ್ಗೆ ಬೇಗ ಎದ್ದು ಮಾಡಿದೆ. ಒಂದು ಹನಿ ಎಣ್ಣೆಯೂ ಸೋರದ ಹೊಸ ಡಬ್ಬಿಯಲ್ಲಿ ಹಾಕಿ, ಗುರುತಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು, ಶಾಲೆಗೆ ಹೋದೆ. ಪರೀಕ್ಷೆಯ ಸಮಯ. ಮಧ್ಯಾಹ್ನ ಅವಳು ಉಣ್ಣುತ್ತಿರುವ ವಿಡಿಯೋ ಬಂತು. ಸಂಜೆ ಅದನ್ನು ಅವ್ವನಿಗೆ ತೋರಿಸಿದೆ. ಅವ್ವ ಈಗ ನನ್ನ ಜೊತೆಗಿದ್ದಾಳೆ. ಅವಳು ಎರಡು ಸಲ ನೋಡಿದಳು. ಗೌರಿ ಫೋನನ್ನು ಯಾವುದಕ್ಕೋ ಆನಿಸಿ ಇಟ್ಟು, ಒಬ್ಬಳೇ ಮೇಜಿನ ಮುಂದೆ ಕುಳಿತು, ನಗುತ್ತ ತಿನ್ನುತ್ತಿದ್ದಳು.

"ನೀ ಹೋಗಲಿಲ್ಲೇನು?" ಅಂದಳು ಅವ್ವ.

"ಕಂಡಕ್ಟರ್ ಕಡೆ ಕಳಿಸಿದ್ದೆ ಅವ್ವ. ಹತ್ತು ಗಂಟೆಗೇ ಮುಟ್ಟಿತು."

"ಮುಟ್ಟತೈತಿ ಬಿಡು." ಫೋನನ್ನು ನನ್ನ ಕೈಗೆ ಕೊಟ್ಟಳು. "ಎದುರಿಗಿ ಕುಂತು ಉಣಸಾಕ ಕಂಡಕ್ಟರ್‌ಗ ಬರತೈತೇನು?"

ನಮ್ಮ ಮನೆಯಿಂದ ರೋಣಕ್ಕೆ ಈಗ ಮುಕ್ಕಾಲು ತಾಸಿನ ದಾರಿ.